ಸಾಕ್ಷಿಯೂ ಜಾಮೀನೂ

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವುದು ಎಂಬ ಒಂದು ಕಾರ್ಯಕ್ರಮ ಇರುತ್ತದೆ. ಕ್ರೈಸ್ತರ ಮನೆಗಳ ಬಳಕೆ ಇಲ್ಲದ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಳಕೆ ಇರುವವರು ಅಷ್ಟರಲ್ಲಿ ಒಳಗೆ ಹೋಗಿ ಒಂದು ಲೋಟ ಚಾ ಕುಡಿದು ಬರಬಹುದು. ಗೀತೆ ಹಾಡಿ, ಅಧ್ಯಾಯ ಓದಿ ಮುಗಿದ ಮೇಲೆ ಅಯ್ಯನವರು, ಎಂದರೆ ಸಭೆಯ ಪಾದ್ರಿಗಳು, ಕನ್ನಡಕದ ಮೇಲಿನಿಂದ ಎಲ್ಲರನ್ನೂ ಒಮ್ಮೆ ನೋಡಿ, ‘ಯಾರಾದರೂ ಸಾಕ್ಷಿ ಹೇಳುವವರಿದ್ದರೆ ಹೇಳಬಹುದು’ ಎನ್ನುತ್ತಾರೆ. ಆಗ ಒಬ್ಬರು ಎದ್ದು ನಿಂತು, ತಾನು ಹಿಂದೆ ಹೇಗಿದ್ದೆ, ಕರ್ತನು ತನ್ನನ್ನು ಹೇಗೆ ಮುಟ್ಟಿದನು, ಈಗ ಹೇಗಿದ್ದೇನೆ ಎಂಬುದನ್ನು ಸಭೆಗೆ ನಿವೇದಿಸಬೇಕು. ಭೂತ, ಪರಿವರ್ತನೆ, ವರ್ತಮಾನ ಎಂಬ ಈ ಅಂಕತ್ರಯದಲ್ಲಿ ಮೂರಕ್ಕೂ ಸಮಪಾಲು ಸಿಗಬೇಕಾದದ್ದು ನ್ಯಾಯ. ಆದರೆ ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಸಾಕ್ಷಿಗಳಲ್ಲಿ ಗಡಂಗು, ಇಸ್ಪೀಟು, ಹೊಡೆದಾಟ, ಹೆಂಡತಿಯ ಕರಿಮಣಿ ಅಡವಿಟ್ಟದ್ದು, ಇವಕ್ಕೆಲ್ಲ ಮುಕ್ಕಾಲು ಗಂಟೆ. ಕರ್ತನಿಗೆ ಐದು ನಿಮಿಷ. ಹೊಸ ಜೀವನಕ್ಕೆ ‘ದೇವರಿಗೆ ಸ್ತೋತ್ರ’ ಎಂಬ ಒಂದೇ ಮಾತು. ತೊರೆದ ಜೀವನವನ್ನು ವರ್ಣಿಸುವಾಗ ಮನುಷ್ಯನ ಮುಖಕ್ಕೆ ಬರುವ ಕಳೆ ಹಿಡಿದ ಜೀವನವನ್ನು ವರ್ಣಿಸುವಾಗ ಯಾಕೋ ಬರುವುದಿಲ್ಲ.

ಈ ವಿಷಯದಲ್ಲಿ ನನ್ನ ಸ್ಥಿತಿ ಶೋಚನೀಯ. ಹುಟ್ಟಿದ್ದು ಕ್ರೈಸ್ತನಾಗಿ, ಬೆಳೆದದ್ದು ಭಾನುವಾರದ ಶಾಲೆಯಲ್ಲಿ, ದುಡಿದದ್ದು ಬ್ಯಾಂಕಿನಲ್ಲಿ. ಪಾಪ ಮಾಡಲು ಬೇಕಾದ ಧೈರ್ಯವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಲೆಕ್ಕ ಹಾಕಿದರೆ, ನೆರೆಮನೆಯ ಪೇರಳೆ ಕದ್ದದ್ದು, ಆಡಿಟಿನವರನ್ನು ಮನಸ್ಸಿನೊಳಗೇ ಅವಾಚ್ಯವಾಗಿ ಬೈದದ್ದು, ಸಕ್ಕರೆ ಕಾಯಿಲೆ ಇದ್ದೂ ಕ್ರಿಸ್‌ಮಸ್ ಹೊತ್ತಿಗೆ ಹೆಂಡತಿಗೆ ಕಾಣದ ಹಾಗೆ ಕುಸ್ವಾರಿನ, ಎಂದರೆ ಹಬ್ಬದ ತಿಂಡಿಗಳ, ಡಬ್ಬಕ್ಕೆ ಕೈ ಹಾಕುವುದು, ಇಷ್ಟೇ ನನ್ನ ಒಟ್ಟು ಬಂಡವಾಳ. ಇಷ್ಟು ಕಿರುಗಂಟಿನಿಂದ ಎಂಥ ಮಹಾಪರಿವರ್ತನೆಯನ್ನು ಹುಟ್ಟಿಸುವುದು, ನೀವೇ ಹೇಳಿ. ಒಮ್ಮೆ ಯಾರೂ ಏಳದಿದ್ದಾಗ ಅಯ್ಯನವರ ದೃಷ್ಟಿ ನನ್ನ ಮೇಲೆ ನೆಟ್ಟು, ನಾನು ಎದ್ದು ಪೇರಳೆಯಿಂದ ಆರಂಭಿಸಿದೆ. ಮುಂದಿನ ಬೆಂಚಿನ ಅಜ್ಜಿಯೊಬ್ಬರು ಬಾಯಿಗೆ ಕೈ ಅಡ್ಡ ಹಿಡಿಯದೆ ಆಕಳಿಸಿದರು. ಅಲ್ಲಿಗೆ ನನ್ನ ಸಾಕ್ಷಿ ಸಮಾಪ್ತಿ.

ನಮ್ಮ ಬಾಲ್ಯದ ಸಾಕ್ಷಿಗಾರರಲ್ಲಿ ಸಾರ್ವಭೌಮ ಎಂದರೆ ದಕ್ಕೆ ಮಾಮ. ದೀಕ್ಷಾಸ್ನಾನದಲ್ಲಿ ಅವರಿಗೆ ಚಂದದ ಒಂದು ಬೈಬಲ್ ಹೆಸರು ಇಟ್ಟಿದ್ದರಂತೆ. ನಮಗೆ ಮಾತ್ರ ಅವರು ಕೊನೆಯವರೆಗೂ ದಕ್ಕೆ ಮಾಮ. ಮಂಗಳೂರಿನ ಬಂದರಿನ ದಕ್ಕೆಯಲ್ಲಿ ದೋಣಿಗಳಿಂದ ಸರಕು ಇಳಿಸುತ್ತ, ಇಳಿಸಿದ ಸರಕಿನ ಬಗ್ಗೆ ತಕರಾರು ಬಂದಾಗ ತಕರಾರು ತೆಗೆದವರನ್ನೂ ಇಳಿಸುತ್ತ ಬೆಳೆದ ಆಳು. ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಗಾಯದ ಕಲೆ ಇತ್ತು. ಸಾಕ್ಷಿಯ ಮಧ್ಯೆ ಅಂಗಿಯ ತೋಳು ಮಡಚುವ ಹೊತ್ತು ಬರುತ್ತದೆಂದು ಮಕ್ಕಳಿಗೆಲ್ಲ ಗೊತ್ತಿದ್ದುದರಿಂದ, ಅಷ್ಟರವರೆಗೆ ನಿದ್ದೆ ತೂಗುತ್ತಿದ್ದ ನಾವು ಆಗ ಚಾಪೆಯ ಮೇಲೆ ಮಂಡಿಯೂರಿ ಎದ್ದು ಕೂರುತ್ತಿದ್ದೆವು. ಅವರು ಗುಂಡಿ ಬಿಚ್ಚಿ, ನಿಧಾನವಾಗಿ ಒಂದು ಮಡಿಕೆ, ಎರಡು ಮಡಿಕೆ, ಮೂರನೆಯದಕ್ಕೆ ಸ್ವಲ್ಪ ನಿಲ್ಲಿಸಿ ಸಭೆಯನ್ನೊಮ್ಮೆ ನೋಡುತ್ತಿದ್ದರು. ಕಲೆಯೊಂದಿಗೆ ಬರುವ ಚೂರಿ ಮೊದಲು ಗೇಣುದ್ದ ಇದ್ದದ್ದು ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಮೊಳ ದಾಟಿತ್ತು. ಎದುರಾಳಿಗಳ ಸಂಖ್ಯೆಯೂ ವೃದ್ಧಿಸಿತ್ತು. ‘ಈ ಜನ ಕ್ರಿಸ್ತನ ಬಳಿಗೆ ಬಂದ ಮೇಲೆಯೇ ಹೆಚ್ಚು ಪಾಪ ಮಾಡಿದ್ದು ಮಾರಾಯ್ರೆ’ ಎಂದು ನನ್ನ ಅಜ್ಜಿ ಕೂಟ ಮುಗಿಸಿ ಬರುವ ದಾರಿಯಲ್ಲಿ ಹೇಳುತ್ತಿದ್ದರು.

ಅಜ್ಜಿಯ ಈ ಟೀಕೆ ಅಪೊಸ್ತಲ ಪೌಲನಿಗೂ ಸ್ವಲ್ಪ ತಾಗುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಆತ, ಹಿಂದಿನ ಹೆಚ್ಚುಗಾರಿಕೆಯನ್ನೆಲ್ಲ ಕ್ರಿಸ್ತನ ನಿಮಿತ್ತ ಕಸವೆಂದೆಣಿಸಿ ಬಿಟ್ಟೆ ಎನ್ನುತ್ತಾನೆ. ಒಳ್ಳೆಯದು. ಆದರೆ ಹಾಗೆನ್ನುವ ಮೊದಲು, ಎಂಟನೆಯ ದಿನ ಸುನ್ನತಿಯಾದದ್ದು, ಬೆನ್ಯಾಮೀನನ ಕುಲ, ಇಬ್ರಿಯರಲ್ಲಿ ಇಬ್ರಿಯ, ಪಂಥದಲ್ಲಿ ಫರಿಸಾಯ, ಧರ್ಮಶಾಸ್ತ್ರದ ವಿಷಯದಲ್ಲಿ ನಿರ್ದೋಷಿ ಎಂದು ಇಡೀ ಪ್ರವರವನ್ನು ಕ್ರಮವಾಗಿ ಒಪ್ಪಿಸಿಯೇ ಒಪ್ಪಿಸುತ್ತಾನೆ. ಬಿಟ್ಟದ್ದು ಎಷ್ಟು ದೊಡ್ಡದೆಂದು ತಿಳಿಯದಿದ್ದರೆ ಬಿಟ್ಟವನ ದೊಡ್ಡತನ ತಿಳಿಯುವುದು ಹೇಗೆ? ಇದನ್ನು ನಾನು ಹಾಸ್ಯ ಮಾಡುವ ಹಾಗಿಲ್ಲ. ನಿವೃತ್ತಿಯಾಗಿ ಬಹಳ ಕಾಲವಾದರೂ ನನ್ನ ಮನೆಯ ಗೇಟಿನ ಫಲಕದಲ್ಲಿ ಹೆಸರಿನ ಕೆಳಗೆ ‘ನಿವೃತ್ತ ಮ್ಯಾನೇಜರ್’ ಎಂದಿದೆ, ‘ನಿವೃತ್ತ’ ಎಂಬುದು ಸಣ್ಣ ಅಕ್ಷರದಲ್ಲಿ.

ಪೌಲನ ಕತೆಯಲ್ಲಿ ಎಲ್ಲರಿಗೂ ನೆನಪಿರುವುದು ದಮಸ್ಕದ ದಾರಿ, ಆಕಾಶದ ಬೆಳಕು, ನೆಲಕ್ಕೆ ಬಿದ್ದ ಸೌಲ (ಪೌಲನ ಆಗಿನ ಹೆಸರು). ಚಿತ್ರ ಬರೆಯುವವರು ಅದಕ್ಕೊಂದು ಕುದುರೆಯನ್ನೂ ಸೇರಿಸಿದ್ದಾರೆ. ಅಪೊಸ್ತಲರ ಕೃತ್ಯಗಳಲ್ಲಿ ಹುಡುಕಿದರೆ ಕುದುರೆ ಸಿಗುವುದಿಲ್ಲ. ಬ್ಯಾಂಕಿನ ನೌಕರನಾದ ನನ್ನ ಕಣ್ಣು ಮಾತ್ರ ಹೋಗುವುದು ಅದರ ಮುಂದಿನ ಕಾಗದಪತ್ರದ ಕಡೆಗೆ. ಬೆಳಕು ಕಂಡದ್ದು ಸೌಲನಿಗೆ. ಊರಿಗೆ ಏನೂ ಕಂಡಿರಲಿಲ್ಲ. ಊರಿನ ಪಾಲಿಗೆ ಆತ ಕ್ರಿಸ್ತನ ಭಕ್ತ ಸ್ತೆಫನನನ್ನು ಕಲ್ಲೆಸೆದು ಕೊಂದ ದಿನ ಕಲ್ಲೆಸೆಯುವವರ ಬಟ್ಟೆ ಕಾದು ನಿಂತಿದ್ದವನು, ಮನೆಮನೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಎಳೆದೊಯ್ದವನು. ಹೋಗಿ ಅವನ ತಲೆಯ ಮೇಲೆ ಕೈಯಿಡು ಎಂದು ದರ್ಶನದಲ್ಲಿ ಅಪ್ಪಣೆಯಾದಾಗ ದಮಸ್ಕದ ಅನನೀಯ ಕರ್ತನಿಗೇ ತಕರಾರು ತೆಗೆಯುತ್ತಾನೆ: ಈ ಮನುಷ್ಯನ ವಿಷಯ ಬಹಳ ಜನ ಹೇಳಿದ್ದಾರೆ, ಸ್ವಾಮಿ. ಸರ್ವಜ್ಞನಿಗೆ ಮಾಹಿತಿ ಒದಗಿಸುವ ಈ ಧಾಟಿ ನಮ್ಮ ಸಭೆಯ ಸಮಿತಿಯ ಸದಸ್ಯರಿಗೆ ಚೆನ್ನಾಗಿ ಒಗ್ಗುತ್ತದೆ. ಹಾಗಿದ್ದೂ ಅನನೀಯ ಹೋದ, ಕೈಯಿಟ್ಟ, ‘ಸಹೋದರನೇ’ ಎಂದು ಕರೆದ. ಮುಂದೆ ಯೆರೂಸಲೇಮಿನಲ್ಲಿ ಶಿಷ್ಯರು ಇವನನ್ನು ಹತ್ತಿರ ಸೇರಿಸದೆ ಹೆದರಿ ದೂರ ನಿಂತಾಗ, ಬಾರ್ನಬ ಎಂಬೊಬ್ಬ ಇವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದ. ಎಷ್ಟೇ ಯೋಗ್ಯ ಅರ್ಜಿಯಾದರೂ ಜಾಮೀನು ಸಹಿ ಬೀಳದೆ ನಮ್ಮ ಶಾಖೆಯಲ್ಲಿ ಸಾಲ ಮಂಜೂರಾಗುತ್ತಿರಲಿಲ್ಲ. ಸೌಲನ ಅರ್ಜಿಗೆ ಸಹಿ ಹಾಕಿದವನು ಬಾರ್ನಬ.

ಅದೇ ಪೌಲ ಮುಂದೆ ಮಾರ್ಕ ಎಂಬ ಹುಡುಗನ ವಿಷಯದಲ್ಲಿ ಮಾಡಿದ್ದನ್ನು ನೋಡಿ. ಒಂದು ಪ್ರಯಾಣದಲ್ಲಿ ಅರ್ಧದಿಂದ ಬಿಟ್ಟುಹೋದವನು, ಇವನು ಮತ್ತೆ ಬೇಡವೇ ಬೇಡ ಎಂದು ಹಟ ಹಿಡಿದ. ಬಾರ್ನಬ, ಇರಲಿ, ಕರೆದುಕೊಂಡು ಹೋಗೋಣ ಎಂದ. ಜಗಳ ಎಷ್ಟು ಹತ್ತಿತೆಂದರೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೊರಟ. ತನಗೆ ಜಾಮೀನು ನಿಂತವನೆದುರಿಗೇ ಇನ್ನೊಬ್ಬನಿಗೆ ಜಾಮೀನು ನಿರಾಕರಿಸುವ ಈ ಪ್ರಸಂಗವನ್ನು ಸತ್ಯವೇದ ಮುಚ್ಚಿಡದೆ ಬರೆದಿರುವುದು ನನಗೆ ಬಹಳ ಹಿಡಿಸಿದೆ. ಕೊನೆಗಾಲದ ಪತ್ರವೊಂದರಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಉಪಯೋಗಕ್ಕೆ ಬರುವವನು ಎಂಬ ಮಾತು ಬರುತ್ತದೆ. ಅಂತೂ ಬಂತಲ್ಲ.

ನಮ್ಮ ದಕ್ಕೆ ಮಾಮನಿಗೂ ಊರು ಅಷ್ಟು ಸುಲಭದಲ್ಲಿ ಬಿಡುಗಡೆ ಕೊಡಲಿಲ್ಲ. ವಿಚಿತ್ರವೆಂದರೆ ಹೆದರಿ ದೂರ ನಿಂತವರಿಗಿಂತ ಪ್ರೀತಿಯಿಂದ ಹತ್ತಿರ ಬಂದವರೇ ಹೆಚ್ಚು ತೊಂದರೆ ಕೊಟ್ಟದ್ದು. ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಬಾಡಿಗೆದಾರ ಬಿಟ್ಟು ಹೋಗುತ್ತಿರಲಿಲ್ಲ. ಕೋರ್ಟು, ಪಂಚಾಯ್ತಿ ಎಲ್ಲ ಮುಗಿದ ಮೇಲೆ ಅವರು ಒಂದು ಸಂಜೆ ದಕ್ಕೆ ಮಾಮನ ಜಗಲಿಗೆ ಬಂದು, ‘ಏನೂ ಮಾಡುವುದು ಬೇಡ ಮಾರಾಯ್ರೆ, ಸುಮ್ಮನೆ ಒಮ್ಮೆ ಅಲ್ಲಿ ಹೋಗಿ ಕೂತು ಬನ್ನಿ’ ಎಂದು ವಿನಂತಿಸಿದರು. ಮಾಮ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೋದರು. ಬಾಡಿಗೆದಾರನ ಜಗಲಿಯಲ್ಲಿ ಕೂತು, ಕೂಟಕ್ಕೆಂದು ಕಂಕುಳಲ್ಲಿಟ್ಟುಕೊಂಡಿದ್ದ ಸತ್ಯವೇದವನ್ನು ತೆರೆದು, ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗವನ್ನು ಗಟ್ಟಿಯಾಗಿ ಓದಿದರಂತೆ. ಸೆಕೆಗೆ ಅಂಗಿಯ ತೋಳು ಮಡಚಿದ್ದರಂತೆ, ಅಷ್ಟೇ. ಸಮಾಧಾನಪಡಿಸುವವರು ಧನ್ಯರು ಎಂಬಲ್ಲಿಗೆ ಬರುವಷ್ಟರಲ್ಲಿ ಬಾಡಿಗೆದಾರ ತಿಂಗಳ ಕೊನೆಗೆ ಖಾಲಿ ಮಾಡುವುದಾಗಿ ಒಪ್ಪಿದ. ಊರೆಲ್ಲ ಇದನ್ನು ಹೇಳಿ ನಕ್ಕಿತು. ಮಾಮ ಮಾತ್ರ ನಗಲಿಲ್ಲ. ಆಮೇಲಿಂದ ಅವರ ಸಾಕ್ಷಿಯಲ್ಲಿ ತೋಳು ಮಡಚುವ ಭಾಗವೇ ಇಲ್ಲವಾಯಿತು. ಚೂರಿಯೂ ಹೋಯಿತು. ನಾವು ಮಕ್ಕಳು ಮೋಸ ಹೋದವರ ಹಾಗೆ ಗೊಣಗಿದೆವು. ಯಾಕೆ ಬಿಟ್ಟರೆಂದು ಯಾರೂ ಕೇಳಲಿಲ್ಲ.

ಗುರುತು ಬಿಡುವುದೆಂದರೆ ಮನಸ್ಸಿನೊಳಗೆ ನಡೆಯುವ ಆಧ್ಯಾತ್ಮಿಕ ವ್ಯಾಪಾರ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ನಿಜವೇ ಇರಬಹುದು. ಆದರೆ ಭಾನುವಾರ ಗುರುತು ಬಿಟ್ಟವನು ಸೋಮವಾರ ಊಟ ಮಾಡಬೇಕಲ್ಲ? ಈ ಪ್ರಶ್ನೆಗೆ ನಾನು ಹುಟ್ಟಿ ಬೆಳೆದ ಮನೆಯ ಮಾಡಿನಲ್ಲೇ ಉತ್ತರವಿತ್ತು. ಸಣ್ಣವನಿದ್ದಾಗ ಜ್ವರ ಬಂದು ಮಲಗಿದರೆ ಕಣ್ಣಿಗೆ ಕಾಣುತ್ತಿದ್ದದ್ದು ಹಂಚಿನ ಅಡಿಭಾಗದಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಹೊಗೆ ಹಿಡಿದು ಕಪ್ಪಾದ ಆ ಅಕ್ಷರಗಳನ್ನು ಸಾಲುಸಾಲಾಗಿ ಕೂಡಿಸಿ ಓದುತ್ತಲೇ ನಾನು ಇಂಗ್ಲಿಷ್ ಕಲಿತದ್ದು. ಆದ್ದರಿಂದಲೇ ನನ್ನ ಇಂಗ್ಲಿಷಿಗೆ ಇವತ್ತಿಗೂ ಸ್ವಲ್ಪ ಜ್ವರದ ತಾಪವಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾಗಬೇಕಾದರೆ ಜಾತಿ ಬಿಡಬೇಕು ಎಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಜಾತಿ ಬಿಟ್ಟರೆ ಜಾತಿಯೊಡನಿದ್ದ ಕಸುಬೂ ಹೋಯಿತು, ಒಕ್ಕಲಿದ್ದ ಗದ್ದೆಯೂ ಹಲವರಿಗೆ ಹೋಯಿತು. ನನ್ನ ಮುತ್ತಜ್ಜನ ಅಪ್ಪ ತಾಳೆಮರ ಹತ್ತಿ ಮೂರ್ತೆ ಮಾಡುತ್ತಿದ್ದವರು. ಹೆಂಡ ಇಳಿಸುವ ಕೆಲಸ ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಪಾದ್ರಿಗಳು ಹೇಳಿದ ಮೇಲೆ ಮರದಿಂದ ಇಳಿದರು. ಇಳಿದದ್ದೇನೋ ಸರಿ, ನಿಲ್ಲುವುದೆಲ್ಲಿ?

ಇದನ್ನು ಮಿಷನ್ನಿನವರು ಅರ್ಥ ಮಾಡಿಕೊಂಡರು ಎಂಬುದು ಅವರ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ. ಪ್ರಸಂಗದ ಜೊತೆಗೆ ಮಗ್ಗ ಹಾಕಿದರು, ಛಾಪಖಾನೆ ತೆರೆದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಹೊಳೆದಂಡೆಯ ಜೇಡಿಮಣ್ಣನ್ನು ತಂದು, ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ಸುಟ್ಟು ತೆಗೆದ ಆ ಕೆಂಪು ಹಂಚು ಮುಂದೆ ಮಂಗಳೂರು ಹಂಚೆಂದು ಹಡಗು ಹತ್ತಿ ದೇಶಾಂತರ ಹೋಯಿತು. ಮರದಿಂದ ಇಳಿದವರ ಮಕ್ಕಳು ಮೊಮ್ಮಕ್ಕಳು ಆ ಕಾರ್ಖಾನೆಯಲ್ಲಿ ಮಣ್ಣು ತುಳಿದರು. ಧರ್ಮಶಾಸ್ತ್ರಜ್ಞರು ನೂತನ ಮನುಷ್ಯನ ಕುರಿತು ಬೃಹದ್ಗ್ರಂಥ ಬರೆಯಲಿ, ನನ್ನ ಅಭ್ಯಂತರವಿಲ್ಲ. ನಮ್ಮ ವಂಶದ ನೂತನ ಮನುಷ್ಯನಿಗೆ ಬೇಕಾದದ್ದು ಮೊದಲು ಒಂದು ದಿನಗೂಲಿ. ಕೂಲಿಯ ಜೊತೆಗೆ ಯಜಮಾನಿಕೆಯೂ ಬಂತು, ಸಮಯಕ್ಕೆ ಸರಿಯಾಗಿ ಬರದವರಿಗೆ ಉಪದೇಶವೂ ಬಂತು ಎಂದು ಅಜ್ಜ ಹೇಳುತ್ತಿದ್ದರು. ಅದೂ ಇರಲಿ.

ಮೇಲ್ಜಾತಿಯಿಂದ ಬಂದವರ ಪಾಡು ಬೇರೆ ಬಗೆಯದು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಅವರಿಗೆ ಸಿಕ್ಕ ಹೆಸರು ಹೆರ್ಮನ್. ಮಂಗಳೂರ ಸಮಾಚಾರ ಪತ್ರಿಕೆ ನಡೆಸಿದ ಹೆರ್ಮನ್ ಮೋಗ್ಲಿಂಗರ ಹೆಸರೇ. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ತಿರುಗಿ ಬಂದವರು ಹೆರ್ಮನ್ ಆನಂದರಾವ್ ಕೌಂಡಿನ್ಯ: ಮುಂದೆ ಜರ್ಮನಿ, ನಡುವೆ ತಂದೆತಾಯಿ, ಹಿಂದೆ ಸಾಕ್ಷಾತ್ ಗೋತ್ರ. ಜಾತಿ ಬಿಟ್ಟ ಮನುಷ್ಯ ಋಷಿಯನ್ನು ಬಿಡಲಿಲ್ಲ. ಬಿಡಬೇಕೆಂದು ಮಿಷನ್ನೂ ಪಟ್ಟು ಹಿಡಿದ ಹಾಗಿಲ್ಲ. ನನ್ನ ಮುತ್ತಜ್ಜನ ಅಪ್ಪನಿಗೆ ಉಳಿಸಿಕೊಳ್ಳಲು ಋಷಿ ಇರಲಿಲ್ಲವಾದ್ದರಿಂದ ಈ ಸಮಸ್ಯೆ ನಮ್ಮ ಮನೆಯಲ್ಲಿ ಉದ್ಭವಿಸಲಿಲ್ಲ.

ನೆರೆಮನೆಯ ಪೊರ್ಬುಗಳ ಮನೆಯಲ್ಲಿ ಉದ್ಭವಿಸುತ್ತದೆ. ಅವರದು ಗೋವೆಯಿಂದ ಬಂದ ಕಥೋಲಿಕ ಮನೆತನ, ಹೆಸರು ಪೋರ್ಚುಗೀಸು, ಮಾತು ಕೊಂಕಣಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ತಂದು, ಎಲೆಯ ಮೇಲೆ ಮೀನು ಮಾಂಸವಿಲ್ಲದ ಊಟ ಬಡಿಸಿ, ಕೈತೊಳೆದು ಜಗಲಿಗೆ ಬಂದರೆಂದರೆ ಪೊರ್ಬುಗಳು ನನ್ನ ಕಿವಿಯ ಬಳಿ ಬಾಗಿ, ‘ಮೂಲದಲ್ಲಿ ನಾವು ಬಾಮಣ್, ಗೊತ್ತುಂಟಲ್ಲ’ ಎನ್ನುತ್ತಾರೆ. ಪ್ರತಿ ವರ್ಷ ನಾನು ಆಗಷ್ಟೇ ಕೇಳಿದವನ ಹಾಗೆ ಹುಬ್ಬೇರಿಸುತ್ತೇನೆ, ನೆರೆಕರೆಯ ಧರ್ಮ. ಅವರನ್ನು ನೋಡಿ ನಗುವುದಕ್ಕೆ ನಮಗೇನು ಹಕ್ಕು? ನಮ್ಮ ಅಜ್ಜಿಯೇ, ಸುವಾರ್ತಾ ಗೀತೆಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಭಕ್ತೆ, ಮದುವೆಯ ಪ್ರಸ್ತಾಪ ಬಂದರೆ ಹುಡುಗನ ಕೆಲಸ, ಸಂಬಳ, ಸಭೆ ಎಲ್ಲ ಕೇಳಿಯಾದ ಮೇಲೆ ಸ್ವರ ತಗ್ಗಿಸಿ, ‘ಅವರು ಹಿಂದೆ ಯಾರು?’ ಎಂದು ಕೇಳುತ್ತಿದ್ದರು. ಹಿಂದೆ ಎಂದರೆ ನಾಲ್ಕು ತಲೆಮಾರಿನ ಹಿಂದೆ. ತಾನು ಬಿಟ್ಟದ್ದನ್ನು ಮನುಷ್ಯ ಮರೆತರೂ ಅವನು ಬಿಟ್ಟದ್ದನ್ನು ಉಳಿದವರು ಜೋಪಾನವಾಗಿ ಕಟ್ಟಿಟ್ಟಿರುತ್ತಾರೆ.

ಹಾಗಾದರೆ ಬಿಡುವವನದೇನೂ ತಪ್ಪಿಲ್ಲವೇ, ಎಲ್ಲ ಊರಿನದೇ ಎಂದು ನೀವು ಕೇಳಬಹುದು. ಹಾಗೇನಿಲ್ಲ. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನನ್ನು ತೆಗೆದುಕೊಳ್ಳಿ, ‘ಅಮೇಜಿಂಗ್ ಗ್ರೇಸ್’ ಬರೆದವನು. 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರನ್ನು ನೆನೆದ; ಆ ದಿನವನ್ನು ಜೀವಮಾನವಿಡೀ ಆಚರಿಸಿದ. ಬೈಗುಳ ಬಿಟ್ಟ. ನಾವಿಕರೊಳಗೆ ಅದೇನು ಸಣ್ಣ ತ್ಯಾಗವಲ್ಲ. ಆದರೆ ಆ ಮೇಲೆಯೇ ಆತ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದದ್ದು. ಕೆಳಗಿನ ಅಂತಸ್ತಿನಲ್ಲಿ ಆಫ್ರಿಕದ ಮನುಷ್ಯರನ್ನು ಸಂಕೋಲೆ ಹಾಕಿ ಮಲಗಿಸಿ, ಮೇಲೆ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದ. 1754ರಲ್ಲಿ ಸಮುದ್ರ ಬಿಟ್ಟದ್ದೂ ಮನಸ್ಸು ಕರಗಿ ಅಲ್ಲ, ಆರೋಗ್ಯ ಕೆಟ್ಟು. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಬಿರುಗಾಳಿ ಕಳೆದು ನಲವತ್ತು ವರ್ಷಕ್ಕೆ. ಬಾಯಿಯ ಪಾಪ ಬೇಗ ಬಿಡುತ್ತದೆ, ವರಮಾನದ ಪಾಪ ನಿಧಾನ. ಆದರೂ ಒಂದು ಮಾತು ಹೇಳಬೇಕು: ಬರೆದಾಗ ಆತ, ನನಗೂ ಅದಕ್ಕೂ ಸಂಬಂಧವಿಲ್ಲ, ಅದು ನನ್ನ ಹಳೆಯ ಜನ್ಮ ಎಂದು ಜಾರಿಕೊಳ್ಳಲಿಲ್ಲ. ಹಡಗಿನಲ್ಲಿ ಜನರನ್ನು ಹೇಗೆ ತುಂಬುತ್ತಿದ್ದೆವು, ಹೇಗೆ ಹಿಂಸಿಸುತ್ತಿದ್ದೆವು ಎಂದು ಒಳಗಿದ್ದವನಾಗಿ ಹೇಳಿದ. ವಿಚಾರಣೆ ನಡೆಸಿದವರ ಮುಂದೆಯೂ ಹೋಗಿ ಹೇಳಿದ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಆತ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ದಕ್ಕೆ ಮಾಮನ ಚೂರಿ ವರ್ಷವರ್ಷಕ್ಕೆ ಬೆಳೆಯುತ್ತಿದ್ದದ್ದು ಕೇಳುವವರ ಸುಖಕ್ಕೆ. ನ್ಯೂಟನ್ನನ ಹಡಗು ಇದ್ದಷ್ಟೇ ಉದ್ದ ಇತ್ತು, ಕೇಳಿದವರಿಗೆ ಸುಖವಾಗಲಿಲ್ಲ. ಹಳೆಯ ಗುರುತನ್ನು ನಿಜವಾಗಿ ಬಿಟ್ಟವನು ಯಾರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಹೊಳೆದಿಲ್ಲ.

ಇಷ್ಟೆಲ್ಲ ಈಗ ಯಾಕೆ ಎಂದರೆ, ನಮ್ಮ ಸಭೆಗೆ ಒಬ್ಬ ಬಂದಿದ್ದಾನೆ. ಹಿಂದೆ ಚೀಟಿ ವ್ಯವಹಾರ ನಡೆಸಿ, ಊರವರ ದುಡ್ಡು ಮುಳುಗಿಸಿ, ಜೈಲು ಕಂಡು ಬಂದವನು. ಅಲ್ಲಿಯೇ ಸತ್ಯವೇದ ಓದಿದನಂತೆ. ಸಾಲಗಾರರ ಪಟ್ಟಿ ಜೇಬಿನಲ್ಲಿಟ್ಟುಕೊಂಡು ತಿಂಗಳು ತಿಂಗಳು ಸ್ವಲ್ಪಸ್ವಲ್ಪ ತೀರಿಸುತ್ತಿದ್ದಾನೆ. ಸಾಕ್ಷಿ ಹೇಳು ಎಂದರೆ ಆ ಪಟ್ಟಿಯನ್ನಷ್ಟೇ ಓದಿ ಕೂರುತ್ತಾನೆ. ಲೆಕ್ಕದಲ್ಲಿ ಗಟ್ಟಿಗ. ಆರಾಧನೆಯ ನಂತರ ಕಾಣಿಕೆ ಎಣಿಸಲು ಜನ ಬೇಕಿದ್ದಾಗ ಅಯ್ಯನವರು ಇವನ ಹೆಸರು ಹೇಳಿದರು. ಸಮಿತಿಯಲ್ಲಿ ಪೂರ್ಣ ಮೌನ. ಅರ್ಧ ಗಂಟೆ ಮುಂಚೆ ಹಳೆಯದೆಲ್ಲ ಹೋಗಿ ಹೊಸದಾಯಿತೆಂದು ನಾಲ್ಕು ಸ್ವರದಲ್ಲಿ ಹಾಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೊಬ್ಬರು, ‘ಕರ್ತನು ಕ್ಷಮಿಸಿದ್ದಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ದುಡ್ಡು ಸಭೆಯದಲ್ಲವೇ?’ ಎಂದರು. ಹೊಸ ಮನುಷ್ಯನಾಗುವುದು ದೇವರ ಕೃಪೆಯಿಂದ. ಹೊಸ ಮನುಷ್ಯನಾಗಿ ಉಳಿಯಲು ಸಮಿತಿಯ ಬಹುಮತವೂ ಬೇಕು.

ನಾನು ಸಂತನಲ್ಲ, ಬ್ಯಾಂಕಿನವನು. ಆದ್ದರಿಂದ ಬಾರ್ನಬನ ಹೆಸರು ಹೇಳದೆ ಬ್ಯಾಂಕಿನ ರೂಢಿ ಹೇಳಿದೆ. ನಮ್ಮಲ್ಲಿ ತಿಜೋರಿಗೆ ಎರಡು ಬೀಗದಕೈ, ಎರಡೂ ಬೇರೆಬೇರೆ ಅಧಿಕಾರಿಗಳ ಬಳಿ. ಒಬ್ಬನೇ ತೆರೆಯಲು ಆಗುವುದಿಲ್ಲ. ಅದು ಯಾರೋ ಒಬ್ಬ ಕಳ್ಳನೆಂದಲ್ಲ, ಮನುಷ್ಯರೆಲ್ಲ ಮನುಷ್ಯರೆಂದು. ಇವನೊಬ್ಬನೇ ಎಣಿಸುವುದು ಬೇಡ ಎಂದಾದರೆ ಇನ್ನು ಮುಂದೆ ಯಾರೊಬ್ಬರೂ ಒಬ್ಬರೇ ಎಣಿಸುವುದು ಬೇಡ. ಸದ್ಯಕ್ಕೆ ಇವನು ಮತ್ತು ನಾನು ಕೂರುತ್ತೇವೆ. ಇಷ್ಟರವರೆಗೆ ಒಬ್ಬರೇ ಎಣಿಸುತ್ತಿದ್ದ ಹಿರಿಯರ ಮುಖ ಸ್ವಲ್ಪ ಕೆಂಪಾದರೂ ನಿರ್ಣಯ ಅಂಗೀಕಾರವಾಯಿತು.

ಈಗ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಉಡುಪುಕೋಣೆಯ ಮೇಜಿನ ಮೇಲೆ ಕಾಣಿಕೆ ಚೀಲ ಸುರಿದು ಇಬ್ಬರೂ ಕೂರುತ್ತೇವೆ. ಅವನು ನೋಟುಗಳ ಮುಖ ಒಂದೇ ಕಡೆಗೆ ಬರುವ ಹಾಗೆ ಜೋಡಿಸುತ್ತಾನೆ, ನಾನು ಚಿಲ್ಲರೆ. ಎಣಿಸಿಯಾದ ಮೇಲೆ ಅದಲುಬದಲು ಮಾಡಿ ಮತ್ತೊಮ್ಮೆ. ಬೆರಳಿಗೆ ಉಗುಳು ಹಚ್ಚಿ ಎಣಿಸುವ ನನ್ನ ಹಳೆಯ ಬ್ಯಾಂಕಿನ ಅಭ್ಯಾಸ ಅವನಿಗೆ ಹಿಡಿಸುವುದಿಲ್ಲ. ಮೊನ್ನೆ ಒಂದು ಒದ್ದೆ ಸ್ಪಂಜಿನ ಡಬ್ಬಿ ತಂದು ನನ್ನ ಮುಂದಿಟ್ಟು, ‘ಇನ್ನಾದರೂ ಅದನ್ನು ಬಿಡಿ ಸಾರ್’ ಎಂದ. ಪ್ರಯತ್ನಿಸುತ್ತಿದ್ದೇನೆ.